ಗುಂಪಿಗೊಂದು ಅರ್ಜಿ, ಹೆಗಲಿಗೊಂದು ಕಂಬಳಿ

1817ರ ಮಾರ್ಚ್ 10, ಸೋಮವಾರ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸೇಂಟ್ ಪೀಟರ್ಸ್ ಫೀಲ್ಡ್ ಎಂಬ ಬಯಲು. ಸುತ್ತಲಿನ ಹಳ್ಳಿ, ಪೇಟೆಗಳಿಂದ ನೇಕಾರರೂ ನೂಲುವವರೂ ಬಂದು ಸೇರಿದ್ದಾರೆ. ಲಂಡನ್ನಿಗೆ ನಡೆದೇ ಹೋಗುತ್ತೇವೆಂದು ಸಿದ್ಧವಾದವರು ಐದು ಸಾವಿರದಷ್ಟು. ಬೀಳ್ಕೊಡಲು, ನೋಡಲು ಬಂದವರು ಅದರ ಹಲವು ಪಟ್ಟು. ಹೊರಟವರಲ್ಲಿ ಬಹಳ ಮಂದಿಯ ಹೆಗಲ ಮೇಲೆ ಸುರುಳಿ ಸುತ್ತಿದ ಕಂಬಳಿ. ಮುನ್ನೂರು ಕಿಲೋಮೀಟರಿಗೆ ಹತ್ತಿರದ ದಾರಿ, ಮಾರ್ಚ್ ತಿಂಗಳ ಚಳಿ, ಛತ್ರಕ್ಕೆ ಕೊಡಲು ಕಾಸಿಲ್ಲ. ಕತ್ತಲಾದಲ್ಲಿ ಕಂಬಳಿ ಹೊದ್ದು ಮಲಗುವುದು, ಬೆಳಕು ಹರಿದರೆ ಮತ್ತೆ ನಡೆಯುವುದು. ನಾವು ಬಟ್ಟೆ ನೇಯುವ ಜನ ಎಂದು ಸಾರುವ ಗುರುತೂ ಅದೇ ಕಂಬಳಿ. ಚರಿತ್ರೆ ಇವತ್ತಿಗೂ ಅವರನ್ನು ಕಂಬಳಿಯವರೆಂದೇ ಕರೆಯುತ್ತದೆ.

ಹತ್ತು ಹತ್ತು ಜನರ ಗುಂಪಾಗಿ ಹೊರಡಬೇಕೆಂದು ಮುಂದಾಳುಗಳು ಹೇಳಿದ್ದರು. ಗುಂಪಿಗೊಂದು ಅರ್ಜಿ. ಯಾಕೆ ಹತ್ತೇ ಜನ? ದೊರೆಗೆ ಅರ್ಜಿ ಒಪ್ಪಿಸಲು ಹತ್ತು ಮಂದಿಗಿಂತ ಹೆಚ್ಚು ಹೋಗಕೂಡದು ಎಂದು 1661ರ ಕಾನೂನೊಂದು ವಿಧಿಸಿತ್ತು. ಅವರಲ್ಲೊಬ್ಬ ಮುಂದಾಳು, ಜಾನ್ ಬ್ಯಾಗುಲಿ, ಹದಿನೆಂಟು ವರ್ಷದ ಹುಡುಗ. ಆ ಹುಡುಗ ಆ ಹಳೆಯ ಕಾನೂನನ್ನು ತಿಳಿದುಕೊಂಡಿದ್ದ. ಅದರ ಗೆರೆ ಒಂದಿಷ್ಟೂ ದಾಟದ ಹಾಗೆ ಸಾವಿರಾರು ಹಸಿದ ಜನರ ನಡಿಗೆಯನ್ನು ಜೋಡಿಸಿದ್ದ. ಈ ಸಂಗತಿಯನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ. ಗಲಭೆಕೋರರು ಎಂದು ಹೆಸರು ಹೊತ್ತವರು ತಮ್ಮನ್ನು ಆಳುವವರಿಗಿಂತ ಹೆಚ್ಚು ಶ್ರದ್ಧೆಯಿಂದ ಕಾನೂನು ಪಾಲಿಸಿದ್ದರು.

ಅರ್ಜಿ ಬರೆದದ್ದು ಪ್ರಿನ್ಸ್ ರೀಜೆಂಟನಿಗೆ, ಬುದ್ಧಿ ಸ್ಥಿಮಿತ ಕಳೆದುಕೊಂಡಿದ್ದ ತಂದೆಯ ಬದಲಿಗೆ ರಾಜ್ಯವಾಳುತ್ತಿದ್ದ ರಾಜಕುಮಾರನಿಗೆ. ಕೇಳಿದ್ದು ಎರಡು ಮಾತು. ನೇಯ್ಗೆಯ ಕಸುಬು ನೆಲ ಕಚ್ಚಿದೆ, ಹೊಟ್ಟೆಗಿಲ್ಲ, ಏನಾದರೂ ಮಾಡಿ. ಎರಡನೆಯದು, ಯಾರನ್ನೇ ಹಿಡಿದರೂ ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಬೇಕೆಂಬ ಹೇಬಿಯಸ್ ಕಾರ್ಪಸ್ ರಕ್ಷಣೆಯನ್ನು ನಮಗೆ ವಾಪಸು ಕೊಡಿ. ಅದನ್ನು ಸರ್ಕಾರ ಆರು ದಿನಗಳ ಹಿಂದೆಯಷ್ಟೇ, ಮಾರ್ಚ್ 4ರಂದು, ಅಮಾನತಿನಲ್ಲಿಟ್ಟಿತ್ತು.

ಅರ್ಜಿ ಹಿಡಿದವರಿಗೆ ಸಿಕ್ಕ ಉತ್ತರ ಕುದುರೆ ದಂಡು. ಬಯಲಿನಲ್ಲಿ ಮ್ಯಾಜಿಸ್ಟ್ರೇಟರು ಗಲಭೆ ಕಾಯ್ದೆಯನ್ನು ಓದಿಸಿದರು. ಗಲಭೆಯೇ ಇರಲಿಲ್ಲ. ಕಾಯ್ದೆ ಓದಿದ ಮೇಲೆ ಚದುರದೆ ನಿಂತವರು ಅಪರಾಧಿಗಳು. ಸೈನಿಕರು ವೇದಿಕೆಯನ್ನು ಸುತ್ತುವರಿದು ಬ್ಯಾಗುಲಿಯನ್ನೂ ಅವನ ಜೊತೆಗಾರ ಸ್ಯಾಮ್ಯುಯೆಲ್ ಡ್ರಮಂಡನನ್ನೂ ಹಿಡಿದರು. ಒಟ್ಟು 27 ಜನರ ಬಂಧನವಾಯಿತು. ಆದರೂ ಕೆಲವು ನೂರು ಜನ ಹೊರಟೇಬಿಟ್ಟರು. ನಾಯಕರಿಲ್ಲ, ದಾರಿಯ ಊಟದ ಏರ್ಪಾಡಿಲ್ಲ, ಆದರೂ ಹೊರಟರು. ಊರಂಚಿನ ಆರ್ಡ್‌ವಿಕ್‌ನಲ್ಲಿ ಕುದುರೆಗಳು ಅವರನ್ನು ಅಟ್ಟಿಸಿಕೊಂಡು ಬಂದವು. ಸ್ಟಾಕ್‌ಪೋರ್ಟಿನಲ್ಲಿ ಕತ್ತಿಯೇಟು ಬಿತ್ತು, ಗುಂಡು ಹಾರಿತು. ಸತ್ತವನು ಮೆರವಣಿಗೆಯವನಾಗಿರಲಿಲ್ಲ, ಅದೇ ಊರಿನ ನಿವಾಸಿ. ಅಲ್ಲಿಂದ ಮುಂದೆ ದಾಟಿದವರನ್ನು ಅಲೆಮಾರಿಗಳೆಂದು ಹೆಸರಿಟ್ಟು, ಬೀದಿ ಭಿಕ್ಷುಕರ ಮೇಲೆ ಹಾಕುವ ಕಾನೂನಿನಡಿ ಹಿಡಿದು ಹಾಕಿದರು. ವರ್ಷಾನುಗಟ್ಟಲೆ ಮಗ್ಗದ ಮುಂದೆ ಬೆನ್ನು ಬಾಗಿಸಿ ಕೂತ ಮನುಷ್ಯನನ್ನು, ದೊರೆಯನ್ನು ಕಾಣಲು ಎದ್ದು ನಡೆದ ಮರುಗಳಿಗೆಯಲ್ಲಿ ಅಲೆಮಾರಿ ಎಂದರು. ಬಹುಪಾಲು ಜನ ಡರ್ಬಿಶೈರ್ ಸೀಮೆಯನ್ನು ಮುಟ್ಟುವ ಮೊದಲೇ ನಡಿಗೆ ಮುಗಿಯಿತು. ಒಬ್ಬನೇ ಒಬ್ಬ ಲಂಡನ್ ಮುಟ್ಟಿ ಅರ್ಜಿ ಕೊಟ್ಟನೆಂಬ ಮಾತು ಆ ಸೀಮೆಯಲ್ಲಿ ಉಳಿದುಕೊಂಡಿತು.

ಈ ಜನ ಇದ್ದಕ್ಕಿದ್ದಂತೆ ಬೀದಿಗೆ ಬಂದವರೇನು? ಹಿಂದಿನ ಕೆಲವು ದಶಕಗಳನ್ನು ನೋಡಿ. ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ನೂಲುವ ಯಂತ್ರಗಳು ನೂಲಿನ ರಾಶಿ ಹಾಕಿದಾಗ ಅದನ್ನು ನೇಯಲು ಕೈ ಸಾಲದೆ ಕೈಮಗ್ಗದವನಿಗೆ ಒಳ್ಳೆಯ ಕಾಲ ಬಂದಿತ್ತು. ಆ ಕಾಲ ಬೇಗನೆ ಮುಗಿಯಿತು. ಕೂಲಿ ಇಳಿಯುತ್ತಾ ಹೋಯಿತು. 1799 ಮತ್ತು 1800ರ ಕಾಯ್ದೆಗಳು ಕೂಲಿಗಾಗಿ ಸಂಘ ಕಟ್ಟುವುದನ್ನೇ ಅಪರಾಧ ಮಾಡಿದ್ದವು. ಹಾಗಾಗಿ ನೇಕಾರರು ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟು, ಕನಿಷ್ಠ ಕೂಲಿ ಗೊತ್ತುಮಾಡಿ ಎಂದು ಬೇಡಿದರು. 1808ರಲ್ಲಿ ಪಾರ್ಲಿಮೆಂಟ್ ಆ ಮಸೂದೆಯನ್ನು ತಳ್ಳಿಹಾಕಿತು. ಮ್ಯಾಂಚೆಸ್ಟರಿನಲ್ಲಿ ಸಭೆ ಸೇರಿದವರ ಮೇಲೆ ಸೈನ್ಯ ಬಿಟ್ಟರು, ಒಬ್ಬ ನೇಕಾರ ಸತ್ತ. 1811ರಲ್ಲಿ ಮತ್ತೆ ಅರ್ಜಿ. ಮ್ಯಾಂಚೆಸ್ಟರಿನಿಂದ ಹೋದ ಕಾಗದಕ್ಕೆ 40,000 ಸಹಿ ಬಿದ್ದಿದ್ದವು. ವ್ಯಾಪಾರದ ಸ್ವಾತಂತ್ರ್ಯದಲ್ಲಿ ಸರ್ಕಾರ ಕೈಹಾಕಲಾಗದು ಎಂಬ ಉತ್ತರ ಬಂತು. ಅಂದಹಾಗೆ, ಮ್ಯಾಂಚೆಸ್ಟರಿನಂಥ ದೊಡ್ಡ ಊರಿಗೆ ಪಾರ್ಲಿಮೆಂಟಿನಲ್ಲಿ ಸ್ವಂತದ ಒಬ್ಬ ಸದಸ್ಯನೂ ಇರಲಿಲ್ಲ, 1832ರವರೆಗೆ.

ವ್ಯಾಪಾರದಲ್ಲಿ ಕೈಹಾಕುವುದಿಲ್ಲ ಎಂದ ಅದೇ ಪಾರ್ಲಿಮೆಂಟ್ 1815ರಲ್ಲಿ ಕೈಹಾಕಿತು, ಜಮೀನ್ದಾರರ ಪರವಾಗಿ. ದೇಶದೊಳಗೆ ಗೋಧಿಯ ಬೆಲೆ ಒಂದು ಕ್ವಾರ್ಟರ್ ಅಳತೆಗೆ 80 ಷಿಲಿಂಗ್ ಮುಟ್ಟುವ ತನಕ ಹೊರದೇಶದ ಗೋಧಿ ಮಾರುಕಟ್ಟೆಗೆ ಬರಕೂಡದು ಎಂದು ಧಾನ್ಯ ಕಾಯ್ದೆ ತಂದಿತು. ನೆಪೋಲಿಯನ್ ಯುದ್ಧ ಮುಗಿದು ಲಕ್ಷಾಂತರ ಸೈನಿಕರು ಮನೆಗೆ ಬಂದು ಕೆಲಸ ಹುಡುಕುತ್ತಿದ್ದರು. ಇಂಡೊನೇಷ್ಯದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದ ಬೂದಿ ಆಕಾಶಕ್ಕೇರಿ, 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆ ಹಿಡಿದು ಬೆಳೆ ಕೊಳೆಯಿತು. ರೊಟ್ಟಿ ತುಟ್ಟಿಯಾಯಿತು, ಕೂಲಿ ತೀರಾ ಇಳಿಯಿತು. ಜ್ವಾಲಾಮುಖಿಯನ್ನು ಯಾರೂ ತಡೆಯಲಾರರು, ನಿಜ. ಆದರೆ ಧಾನ್ಯ ಕಾಯ್ದೆಗೆ ಕೈಯೆತ್ತಿದವರು ಮನುಷ್ಯರು. ಕೂಲಿ ಕಡಿದವರು ಮನುಷ್ಯರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಕಾಲದ ಕಥೆ ಹೇಳುವಾಗ ಎಲ್ಲರೂ ಒಂದು ಮಾತು ಹೇಳಿಬಿಡುತ್ತಾರೆ: ಯಂತ್ರ ಬಂತು, ಕೈಕಸುಬು ಹೋಯಿತು, ಯಾರೇನು ಮಾಡಲು ಸಾಧ್ಯವಿತ್ತು? ಲೆಕ್ಕ ನೋಡಿದರೆ ಈ ಮಾತು ನಿಲ್ಲುವುದಿಲ್ಲ. 1813ರಲ್ಲಿ ಇಡೀ ಬ್ರಿಟನ್ನಿನಲ್ಲಿ ಇದ್ದ ಯಂತ್ರಮಗ್ಗಗಳು ಸುಮಾರು 2,400. 1833ರ ಹೊತ್ತಿಗೆ ಅವು ಲಕ್ಷವಾದವು. ಕೈಮಗ್ಗದವರಾದರೋ ಮೊದಲೇ ಎರಡು ಲಕ್ಷ ದಾಟಿದ್ದರು. ಎಂದರೆ 1817ರಲ್ಲಿ ಕಂಬಳಿ ಹೊತ್ತು ಹೊರಟವನ ಹೊಟ್ಟೆಯ ಮೇಲೆ ಹೊಡೆದದ್ದು ಯಂತ್ರವಾಗಿರಲಿಲ್ಲ. ಅದಿನ್ನೂ ಅವನ ಮನೆಬಾಗಿಲಿಗೆ ಬಂದಿರಲಿಲ್ಲ. ಕೂಲಿ ಇಳಿಸಿದರೂ ಎದುರು ಮಾತಾಡಲಾರದ ಹಾಗೆ ಅವನನ್ನು ಕಾನೂನಿನಿಂದ ಕಟ್ಟಿಹಾಕಿದ್ದರು, ಅಷ್ಟೇ. ಒಬ್ಬ ಸಾಹುಕಾರ ಇಳಿಸಿದರೆ ಪಕ್ಕದವನೂ ಇಳಿಸುತ್ತಿದ್ದ. ಅದನ್ನು ತಡೆಯಬಹುದಾಗಿದ್ದ ಮಸೂದೆ 1808ರಲ್ಲೇ ಕಸದ ಬುಟ್ಟಿಗೆ ಹೋಗಿತ್ತು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಇವತ್ತು ಆ್ಯಪ್ ನೋಡಿ ಊಟ ತಲುಪಿಸುವ ಹುಡುಗನ ಆದಾಯ ಇಳಿದರೆ ಅಲ್ಗಾರಿದಂ ಇಳಿಸಿತು ಎನ್ನುತ್ತೇವೆ. ಗಾರ್ಮೆಂಟ್ ಕಾರ್ಖಾನೆಯಲ್ಲಿ ಗಂಟೆಗೆ ಹೊಲಿಯಬೇಕಾದ ಪೀಸುಗಳ ಸಂಖ್ಯೆ ಏರಿದರೆ ಜಾಗತಿಕ ಮಾರುಕಟ್ಟೆ ಏರಿಸಿತು ಎನ್ನುತ್ತೇವೆ. ತಪ್ಪನ್ನು ಯಂತ್ರದ ಮೇಲೆ, ಮಾರುಕಟ್ಟೆಯ ಮೇಲೆ, ಕಾಲದ ಮೇಲೆ ಹಾಕಿದರೆ ಯಾವ ಮನುಷ್ಯನೂ ಉತ್ತರ ಹೇಳಬೇಕಾಗಿಲ್ಲ. ಸಂಖ್ಯೆಗಳನ್ನು ಯಾವುದೋ ಒಂದು ಮೇಜಿನ ಮುಂದೆ ಕೂತು ಯಾರೋ ಗೊತ್ತುಮಾಡುತ್ತಾರೆ. ಅವರಿಗೆ ಹೆಸರಿದೆ, ಹುದ್ದೆಯಿದೆ, ಕೆಲವೊಮ್ಮೆ ಅವರು ನಮ್ಮ ನೆಂಟರೂ ಸ್ನೇಹಿತರೂ ಆಗಿರುತ್ತಾರೆ. ಕೆಲವೊಮ್ಮೆ ಅವರು ನಾವೇ.

ಆ ನಡಿಗೆ ಬೇಡವೆಂದವರೂ ಇದ್ದರು. ಮ್ಯಾಂಚೆಸ್ಟರಿನ ಬಳಿಯ ಮಿಡಲ್‌ಟನ್ ಊರಿನ ನೇಕಾರ ಸ್ಯಾಮ್ಯುಯೆಲ್ ಬ್ಯಾಮ್‌ಫರ್ಡ್ ಸುಧಾರಣೆಯ ಹೋರಾಟದಲ್ಲಿ ಮುಂದಿದ್ದವನು. ಆದರೂ ತನ್ನ ಊರಿನವರನ್ನು ಹೋಗಬೇಡಿ ಎಂದು ತಡೆದ. ಸಿದ್ಧತೆ ಸಾಲದು, ದಾರಿಯಲ್ಲಿ ಉಪವಾಸ ಬೀಳುತ್ತೀರಿ, ಸೈನ್ಯ ನುಗ್ಗುತ್ತದೆ ಎಂಬುದು ಅವನ ಆತಂಕ. ಮುಂದೆ ಅವನು ಬರೆದ ನೆನಪುಗಳಿಂದಲೇ ನಮಗೆ ಆ ದಿನದ ಎಷ್ಟೋ ವಿವರ ಸಿಕ್ಕಿರುವುದು. ನಾನು ಬ್ಯಾಮ್‌ಫರ್ಡನನ್ನು ಗೌರವಿಸುತ್ತೇನೆ. ಅವನ ಬೇಡ ಎಂಬ ಮಾತಿನಲ್ಲಿ ಹೊಟ್ಟೆಯ ಸಂಕಟವಿತ್ತು. ತಾನೂ ಅದೇ ಮಗ್ಗದಲ್ಲಿ ಕೂತವನು, ತಾನೂ ಅದೇ ರೊಟ್ಟಿಗೆ ಅದೇ ಬೆಲೆ ತೆತ್ತವನು. ನಡಿಗೆ ಬೇಡವೆಂದ ಅವನನ್ನೂ ಸರ್ಕಾರ ಬಿಡಲಿಲ್ಲ. ಅದೇ ತಿಂಗಳು ರಾಜದ್ರೋಹದ ಅನುಮಾನದ ಮೇಲೆ ಹಿಡಿದು ಲಂಡನ್ನಿಗೆ ಒಯ್ದರು. ಇವತ್ತು ಮೆರವಣಿಗೆ ಕಂಡಾಗ ಬಾಲ್ಕನಿಯಲ್ಲಿ ನಿಂತು, ಇವರಿಗೆ ಬೇರೆ ಕೆಲಸವಿಲ್ಲವೇ, ರಸ್ತೆ ಕಟ್ಟಿಹಾಕಿದ್ದಾರೆ ಎನ್ನುವವರು ತಮ್ಮನ್ನು ಬ್ಯಾಮ್‌ಫರ್ಡನ ಸಾಲಿಗೆ ಸೇರಿಸಿಕೊಳ್ಳದಿರಲಿ.

ನನ್ನನ್ನು ಕಾಡುವುದು ಆ ಬಯಲಿನಲ್ಲಿ ನೋಡಲು ನಿಂತಿದ್ದ ಸಾವಿರಾರು ಜನ. ಅವರು ಮನೆಗೆ ಹೋದರು. ಊರು ಮರುದಿನ ಅಂಗಡಿ ತೆರೆಯಿತು. ಬ್ಯಾಗುಲಿ, ಡ್ರಮಂಡರನ್ನು ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಸೆರೆಯಲ್ಲಿಟ್ಟಾಗ ಮ್ಯಾಂಚೆಸ್ಟರಿನ ಗೌರವಸ್ಥರು ಅಧಿಕಾರಿಗಳನ್ನು ಅಡ್ಡಗಟ್ಟಿ ಕೇಳಲಿಲ್ಲ. ಮಾರ್ಚ್ ತಿಂಗಳು ಮುಗಿಯುವಷ್ಟರಲ್ಲಿ, ಐವತ್ತಕ್ಕಿಂತ ಹೆಚ್ಚು ಜನ ಸಭೆ ಸೇರುವುದಕ್ಕೆ ಕಡಿವಾಣ ಹಾಕುವ ಕಾಯ್ದೆ ಬಂತು. ಆ ಊರಿನ ಅನುಕೂಲಸ್ಥರು ಇನ್ನೊಂದು ಕೆಲಸವನ್ನೂ ಮಾಡಿದರು. ಕಂಬಳಿಯವರ ನಡಿಗೆ ಕಂಡು ಬೆದರಿ, ಅದೇ ವರ್ಷ ತಮ್ಮದೇ ಒಂದು ಸ್ವಯಂಸೇವಕ ಕುದುರೆ ಪಡೆ ಕಟ್ಟಿದರು. ಮ್ಯಾಂಚೆಸ್ಟರ್ ಮತ್ತು ಸಾಲ್ಫರ್ಡ್ ಯೋಮನ್ರಿ ಎಂದು ಅದರ ಹೆಸರು. ಅದರಲ್ಲಿ ಇದ್ದವರು ಅಂಗಡಿಕಾರರು, ವರ್ತಕರು, ಹೆಂಡದಂಗಡಿಯವರು, ಗಿರಣಿಯವರು. ದಿನನಿತ್ಯ ಅದೇ ನೇಕಾರರ ಜೊತೆ ವ್ಯವಹಾರ ಮಾಡುತ್ತಿದ್ದ ಜನ.

ಎರಡೂವರೆ ವರ್ಷದಲ್ಲಿ ಅದರ ಫಲ ಬಂತು. 1819ರ ಆಗಸ್ಟ್ 16, ಅದೇ ಸೇಂಟ್ ಪೀಟರ್ಸ್ ಫೀಲ್ಡ್. ಓಟಿನ ಹಕ್ಕು ಕೇಳಲು 60,000ದಷ್ಟು ಜನ, ಹೆಂಗಸರು ಮಕ್ಕಳ ಸಮೇತ, ಹಬ್ಬದ ಉಡುಪಿನಲ್ಲಿ ಬಂದಿದ್ದರು. ಕೋಲು ಕೂಡ ತರಬೇಡಿ ಎಂದು ಸಂಘಟಕರು ಹೇಳಿದ್ದರು. ಆ ಯೋಮನ್ರಿ ಕತ್ತಿ ಹಿರಿದು ನುಗ್ಗಿತು, ಹಿಂದೆಯೇ ಸೈನ್ಯ. ಮೊದಲು ಸತ್ತದ್ದು ಎರಡು ವರ್ಷದ ಒಂದು ಕೂಸು. ಓಡುವ ಕುದುರೆ ತಾಯಿಗೆ ಬಡಿದು ಮಗು ಅವಳ ಕೈಯಿಂದ ನೆಲಕ್ಕೆ ಬಿತ್ತು. ಹದಿನೈದಕ್ಕೆ ಕಡಿಮೆಯಿಲ್ಲದ ಸಾವು, ನೂರಾರು ಗಾಯಾಳು. ಪೀಟರ್ಲೂ ಎಂದು ಜಗತ್ತಿಗೆಲ್ಲ ಗೊತ್ತಿರುವ ಆ ಹತ್ಯಾಕಾಂಡ ಆದ ಮೇಲೆ ಗೃಹಮಂತ್ರಿ ಲಾರ್ಡ್ ಸಿಡ್‌ಮತ್ ಮ್ಯಾಜಿಸ್ಟ್ರೇಟರಿಗೆ ರೀಜೆಂಟನ ಕೃತಜ್ಞತೆಯನ್ನು ಮುಟ್ಟಿಸಿದ.

1819ರ ಕತ್ತಿಯನ್ನು ಮಸೆದದ್ದು 1817ರ ಮೌನ. ಕಂಬಳಿ ಹೊತ್ತವರನ್ನು ಅಟ್ಟಿದಾಗ ಊರು ಒಕ್ಕೊರಲಿನಿಂದ ಇದು ಅನ್ಯಾಯ ಎಂದಿದ್ದರೆ, ಆ ಹತ್ತು ಜನರ ಕಾಗದದಲ್ಲಿ ಏನಿದೆ ಎಂದು ನೂರು ಮನೆಯವರು ಕೇಳಿದ್ದರೆ, ಎರಡು ವರ್ಷದ ಮೇಲೆ ಕುದುರೆ ಸವಾರರಿಗೆ ಅಷ್ಟು ಧೈರ್ಯ ಬರುತ್ತಿತ್ತೇ? ನಾನು ಬಲವಾಗಿ ನಂಬಿದ್ದೇನೆ, ಬರುತ್ತಿರಲಿಲ್ಲ. ಅಧಿಕಾರ ಮೊದಲ ಏಟು ಹಾಕಿ ನಮ್ಮ ಮುಖ ನೋಡುತ್ತದೆ. ಮುಖದಲ್ಲಿ ಏನೂ ಕಾಣದಿದ್ದರೆ ಎರಡನೆಯ ಏಟು ಇನ್ನೂ ಜೋರಾಗಿ ಬೀಳುತ್ತದೆ.

ಮ್ಯಾಂಚೆಸ್ಟರಿನ ಈ ಸಂಗತಿ ಕನ್ನಡಿಗರಿಗೇಕೆ ಎಂದು ಕೇಳುವವರಿಗೆ ಹೇಳಬೇಕು: ಆ ನೂಲಿನ ಎಳೆ ನಮ್ಮ ಮನೆಯವರೆಗೂ ಬಂದಿದೆ. ಮರಾಠರ ವಿರುದ್ಧದ 1817–18ರ ಯುದ್ಧದಲ್ಲಿ ಧಾರವಾಡ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಹಿಂದೆಯೇ ಲ್ಯಾಂಕಾಷೈರಿನ ನೂಲು, ಬಟ್ಟೆ ನಮ್ಮ ಸಂತೆಗಳಿಗೆ ಬಂದಿಳಿದವು. ನಮ್ಮ ಬಟ್ಟೆಗೆ ಅಲ್ಲಿ ಭಾರಿ ಸುಂಕ, ಅವರ ಬಟ್ಟೆಗೆ ಇಲ್ಲಿ ಹೆಸರಿಗಷ್ಟೇ ಸುಂಕ. ಮುಂದೆ ಅಮೆರಿಕದ ತಳಿಯ ಹತ್ತಿಯನ್ನು ಧಾರವಾಡದ ಎರೆಮಣ್ಣಿನಲ್ಲಿ ಬೆಳೆಸಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಸಾಗಿಸುವ ಏರ್ಪಾಡಾಯಿತು. ಆ ಹತ್ತಿಗಾಗಿಯೇ ಕಾರವಾರದಲ್ಲಿ ದೊಡ್ಡ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು 1860ರ ದಶಕದಲ್ಲಿ ಒತ್ತಾಯಿಸಿದರು. ಗುಳೇದಗುಡ್ಡದಲ್ಲೂ ಇಳಕಲ್ಲಿನಲ್ಲೂ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ ನೇಕಾರನಿಗೆ ಎದುರಾಳಿ ಎಂದು ತೋರಿಸಿದ ಆ ದೂರದ ಮ್ಯಾಂಚೆಸ್ಟರಿನವನು ಕೂಡ ಹಸಿದವನೇ ಆಗಿದ್ದ. ಅವನಿಗೂ ಇವನಿಗೂ ಕೂಲಿ ಕಡಿದ ಕೈ ಒಂದೇ. ಆದರೆ ಅವರಿಬ್ಬರೂ ಒಬ್ಬರ ಮುಖ ಒಬ್ಬರು ಕಾಣಲೇ ಇಲ್ಲ.

ಬಟ್ಟೆಯ ಜೊತೆಗೆ ಕಾನೂನೂ ಬಂತು. ಐದು ಅಥವಾ ಹೆಚ್ಚು ಜನ ಕೂಡಿದರೆ, ಅವರ ಉದ್ದೇಶ ಸರಿಯಿಲ್ಲವೆಂದು ಕಂಡರೆ, ಅದು ಅಕ್ರಮ ಕೂಟ ಎಂದು 1860ರ ದಂಡಸಂಹಿತೆ ಬರೆಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಐದು ಐದಾಗಿಯೇ ಇದೆ. ನಾವೆಲ್ಲ ಸೆಕ್ಷನ್ 144 ಎಂದು ಬಾಯಿಪಾಠ ಮಾಡಿಕೊಂಡಿದ್ದ ನಿಷೇಧಾಜ್ಞೆಗೆ ಈಗ 163 ಎಂಬ ಹೊಸ ಸಂಖ್ಯೆ ಸಿಕ್ಕಿದೆ. ಇವುಗಳ ಪಕ್ಕದಲ್ಲೇ ನಮ್ಮ ಸಂವಿಧಾನದ 19ನೇ ವಿಧಿ ಇದೆ. ಆಯುಧವಿಲ್ಲದೆ ಶಾಂತವಾಗಿ ಸೇರುವುದು ನಮ್ಮ ಮೂಲಭೂತ ಹಕ್ಕು ಎನ್ನುತ್ತದೆ. 1972ರ ಹಿಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಬೀದಿಯಲ್ಲಿ ಸಭೆಗಳನ್ನು ಸರ್ಕಾರ ನಿಯಂತ್ರಿಸಬಹುದು, ಆದರೆ ಸಾರ್ವಜನಿಕ ಬೀದಿಗಳಲ್ಲಿ ಸಭೆಯೇ ಕೂಡದೆಂದು ಬಾಗಿಲು ಹಾಕಲಾಗದು ಎಂದಿತು. ಬ್ಯಾಗುಲಿಗೆ ಇರದಿದ್ದ ಆಸರೆ ನಮಗಿದೆ. ಅದನ್ನು ನಾವು ಏನು ಮಾಡಿದ್ದೇವೆ?

ಬೆಂಗಳೂರಿನಲ್ಲಿ ಈಗ ಮೆರವಣಿಗೆ ಮಾಡಬೇಕಾದರೆ, ಧರಣಿ ಕೂರಬೇಕಾದರೆ ಫ್ರೀಡಂ ಪಾರ್ಕ್ ಒಂದೇ ಜಾಗ. 2021ರ ಪೊಲೀಸ್ ಆದೇಶ ಹಾಗೆ ಗೊತ್ತುಮಾಡಿದೆ. ಆ ಪಾರ್ಕು ಹಿಂದೆ ಸೆಂಟ್ರಲ್ ಜೈಲಾಗಿತ್ತು. ತುರ್ತುಪರಿಸ್ಥಿತಿಯಲ್ಲಿ ದೇಶದ ದೊಡ್ಡ ನಾಯಕರನ್ನು ಅಲ್ಲಿ ಕೂಡಿಟ್ಟಿದ್ದರು. ರಾಜ್ಯದ ಮೂಲೆಮೂಲೆಯಿಂದ ರಾತ್ರಿ ರೈಲು, ಬಸ್ಸು ಹಿಡಿದು ಬರುವ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು, ಬಿಸಿಯೂಟದ ತಾಯಂದಿರು ರೈಲು ನಿಲ್ದಾಣದಿಂದ ಅಲ್ಲಿಯವರೆಗೆ ಬಂದು ಆ ಗೋಡೆಯೊಳಗೆ ಕೂರಬೇಕು. ಅವರ ಚೀಲದಲ್ಲಿ ರೊಟ್ಟಿ, ಚಟ್ನಿಪುಡಿ, ಒಂದು ಹೊದಿಕೆ. 2017ರ ಮಾರ್ಚಿನಲ್ಲಿ ಅಂಗನವಾಡಿಯ ಸಾವಿರಾರು ಹೆಂಗಸರು ಅಲ್ಲೇ ಹತ್ತಿರದ ಶೇಷಾದ್ರಿ ರಸ್ತೆಯಲ್ಲಿ ರಾತ್ರಿಗಳನ್ನು ಕಳೆದರು. ಬಾಣಂತಿಯ ತೂಕ ನೋಡುವವರು, ಲಸಿಕೆಯ ದಿನ ನೆನಪಿಸುವವರು, ಕೋವಿಡ್ ಕಾಲದಲ್ಲಿ ನಮ್ಮ ಮನೆಬಾಗಿಲು ತಟ್ಟಿ ಜ್ವರ ಕೇಳಿದವರು ಇವರೇ. ಅವರ ದುಡಿಮೆಗೆ ನಾವು ಕೊಡುವುದನ್ನು ಸರ್ಕಾರದ ಕಡತಗಳಲ್ಲಿ ಗೌರವಧನ ಎಂದು ಬರೆಯುತ್ತಾರೆ. ಅವರು ಬೇಡುವುದು ಸಂಬಳ.

2016ರ ಏಪ್ರಿಲ್ ನೆನಪಿದೆಯೇ? ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿತ್ತು. ಗಾರ್ಮೆಂಟ್ ಕಾರ್ಖಾನೆಯ ಹೆಂಗಸಿಗೆ ಪಿಎಫ್ ಎಂದರೆ ಮಗಳ ಕಾಲೇಜು ಫೀಸು, ಊರಲ್ಲಿ ಸೋರುವ ಮಾಳಿಗೆ, ಅಮ್ಮನ ಆಪರೇಷನ್ನು. 58ರವರೆಗೆ ಆ ಮೆಷಿನ್ನಿನ ಮುಂದೆ ಕೂರಲು ಯಾರ ಬೆನ್ನಿಗೂ ಆಗುವುದಿಲ್ಲವೆಂದು ಅವಳಿಗೆ ಗೊತ್ತು. ಏಪ್ರಿಲ್ 18ರಂದು ಹೊಸೂರು ರಸ್ತೆಯ ಕಡೆ ಕಾರ್ಖಾನೆಗಳಿಂದ ಹೊರಬಂದವರು ಹೆಚ್ಚಾಗಿ ಹೆಂಗಸರೇ. ದೊಡ್ಡ ಸಂಘಟನೆಯ ಕರೆ ಇರಲಿಲ್ಲ, ಬಾವುಟವಿರಲಿಲ್ಲ. ಒಬ್ಬಳು ಇನ್ನೊಬ್ಬಳಿಗೆ ಹೇಳಿ, ಒಂದು ಗೇಟಿನವರು ಮುಂದಿನ ಗೇಟಿನವರನ್ನು ಕರೆದು, ಸಾವಿರಾರು ಜನ ಆದರು. ಮರುದಿನ ಪ್ರತಿಭಟನೆ ತುಮಕೂರು ರಸ್ತೆಗೂ ಹಬ್ಬಿತು. ಆ ದಿನ ಬಸ್ಸುಗಳು ಉರಿದವು, ಠಾಣೆಯ ಮೇಲೆ ಕಲ್ಲು ಬಿದ್ದವು. ಅದನ್ನು ಸರಿ ಎಂದು ನಾನು ಹೇಳುವುದಿಲ್ಲ. ಲಾಠಿ ಬೀಸಿದ್ದು, ಅಶ್ರುವಾಯು ಸಿಡಿಸಿದ್ದು, ಹೆಂಗಸರು ದಿಕ್ಕಾಪಾಲಾಗಿ ಓಡಿದ್ದು ಕೂಡ ನಡೆಯಿತು. 19ರಂದೇ ಕೇಂದ್ರ ಸರ್ಕಾರ ಆ ಅಧಿಸೂಚನೆಯನ್ನು ಕೈಬಿಟ್ಟಿತು. ಬೆಂಗಳೂರಿನ ಹೊಲಿಗೆಯ ಹೆಂಗಸರು ನಡೆದದ್ದರಿಂದ ದೇಶದ ಕೋಟ್ಯಂತರ ನೌಕರರ ಹಣ ಉಳಿಯಿತು. ಆಫೀಸಿನಲ್ಲಿ ಕೂತು ಟ್ರಾಫಿಕ್ಕಿಗೆ ಶಾಪ ಹಾಕಿದ ಸಾಫ್ಟ್‌ವೇರ್ ಎಂಜಿನಿಯರನ ಹಣವೂ ಸೇರಿ. ಆ ಹೆಂಗಸರಿಗೆ ನಾವು ಧನ್ಯವಾದ ಹೇಳಿದ್ದೇವೆಯೇ?

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. 2020ರ ಮೇ ತಿಂಗಳ ಮೊದಲ ವಾರ, ಲಾಕ್‌ಡೌನ್. ಹೊರರಾಜ್ಯದ ಕಟ್ಟಡ ಕಾರ್ಮಿಕರು ಊರಿಗೆ ಹೋಗಲು ವಿಶೇಷ ರೈಲುಗಳು ಗೊತ್ತಾಗಿದ್ದವು. ಕಟ್ಟಡ ಉದ್ಯಮದವರ ಜೊತೆ ಸಭೆ ನಡೆದ ಬೆನ್ನಿಗೇ ನಮ್ಮ ರಾಜ್ಯ ಸರ್ಕಾರ ಆ ರೈಲುಗಳು ಬೇಡವೆಂದು ಬರೆಯಿತು. ಕೆಲಸ ಶುರುವಾಗುವಾಗ ಆಳುಗಳು ಇಲ್ಲೇ ಇರಬೇಕಲ್ಲ. ಹೊಟ್ಟೆಗೂ ಕೊಡದೆ, ಊರಿಗೂ ಬಿಡದೆ. ಜನ ಗಂಟು ಹೊತ್ತು ಹೆದ್ದಾರಿಯಲ್ಲಿ ನಡೆಯಲು ಶುರುಮಾಡಿದರು, ಚೆಕ್‌ಪೋಸ್ಟುಗಳಲ್ಲಿ ಅವರನ್ನು ತಡೆದರು. ಆ ಸಲ ಮಾತ್ರ ನಾಡಿನ ಒಂದಷ್ಟು ಜನ ಸುಮ್ಮನಿರಲಿಲ್ಲ. ಪತ್ರಿಕೆಗಳು ಬರೆದವು, ವಕೀಲರು ನ್ಯಾಯಾಲಯಕ್ಕೆ ಹೋದರು, ವಿದ್ಯಾರ್ಥಿಗಳು ಊಟದ ಪೊಟ್ಟಣ ಹಿಡಿದು ನಿಂತರು. ಕೆಲವೇ ದಿನಗಳಲ್ಲಿ ಸರ್ಕಾರ ಆ ತೀರ್ಮಾನವನ್ನು ಹಿಂತೆಗೆದುಕೊಂಡು ರೈಲು ಬಿಟ್ಟಿತು. ಮಾತಾಡಿದರೆ ಏನಾಗುತ್ತದೆ ಎಂದು ಕೇಳುವವರು ಈ ಒಂದು ವಾರವನ್ನು ನೆನೆಯಬೇಕು.

ಆಂಬುಲೆನ್ಸ್ ಸಿಕ್ಕಿಹಾಕಿಕೊಂಡರೆ, ಪರೀಕ್ಷೆಗೆ ಹೊರಟ ಮಗು ತಡವಾದರೆ ಎಂದು ಕೇಳುತ್ತೀರಿ. ಕೇಳಲೇಬೇಕಾದ ಪ್ರಶ್ನೆ ಅದು. ಆಂಬುಲೆನ್ಸಿಗೆ ದಾರಿ ಬಿಡಬೇಕು; ಮೆರವಣಿಗೆಯ ದಾರಿ, ಹೊತ್ತು ಮೊದಲೇ ಗೊತ್ತಾಗಬೇಕು; ಪೊಲೀಸರು ವಾಹನಗಳನ್ನು ಬೇರೆ ದಾರಿಗೆ ತಿರುಗಿಸಬೇಕು. ಗಣಪತಿ ಮೆರವಣಿಗೆಗೆ, ಕರಗಕ್ಕೆ, ಕ್ರಿಕೆಟ್ ಪಂದ್ಯಕ್ಕೆ, ಮಂತ್ರಿಗಳ ಬೆಂಗಾವಲು ಸಾಲಿಗೆ ನಾವು ಇದನ್ನೆಲ್ಲ ಮಾಡುತ್ತೇವೆ, ಮಾಡಲು ಬರುತ್ತದೆ. ಕೂಲಿ ಕೇಳುವವರು ಬಂದಾಗ ಮಾತ್ರ ಊರು ಇಕ್ಕಟ್ಟಾಗುತ್ತದೆ. ಕಾಯಕದ ಹಿರಿಮೆಯನ್ನು ಎಂಟು ಶತಮಾನಗಳಿಂದ ಹೇಳಿಕೊಂಡು ಬಂದ ನಾಡು ನಮ್ಮದು. ಮುದನೂರಿನ ನೇಕಾರ ದಾಸಿಮಯ್ಯನ ಜಯಂತಿಯನ್ನು ವರ್ಷವರ್ಷವೂ ಆಚರಿಸುತ್ತೇವೆ. ಆ ದಾಸಿಮಯ್ಯ ತನ್ನ ಕೂಲಿ ಕೇಳಲು ವಿಧಾನಸೌಧದ ಕಡೆ ನಡೆದು ಬಂದರೆ ಅವನನ್ನು ಯಾವ ಗೇಟಿನಲ್ಲಿ ನಿಲ್ಲಿಸುತ್ತೇವೆ?

ಹಾಗಾಗಿ ಈ ಕರೆ, ಫುಟ್‌ಪಾತಿನ ಮೇಲೆ ನಿಂತವರಿಗೆ. ನಿಮ್ಮಲ್ಲಿ ಎಲ್ಲರೂ ಮೆರವಣಿಗೆಗೆ ಇಳಿಯಬೇಕೆಂದು ನಾನು ಕೇಳುತ್ತಿಲ್ಲ. ಅವರ ಬೇಡಿಕೆಯನ್ನೆಲ್ಲ ಒಪ್ಪಬೇಕೆಂದೂ ಇಲ್ಲ. ಬ್ಯಾಮ್‌ಫರ್ಡನ ಹಾಗೆ ವಾದ ಮಾಡಿ. ಆದರೆ ವಾದ ಮಾಡುವ ಮೊದಲು ಅವರ ಕರಪತ್ರ ಕೈಗೆ ತೆಗೆದುಕೊಳ್ಳಿ, ಓದಿ. ಹಾದುಹೋಗುವ ಹೆಂಗಸನ್ನು, ಅಕ್ಕಾ, ಯಾವ ಊರು, ಎಷ್ಟು ಕೊಡ್ತಾರೆ, ಯಾವಾಗಿಂದ ಬಾಕಿ ಇದೆ ಎಂದು ಕೇಳಿ. ಅವಳು ಹೇಳುತ್ತಾಳೆ, ಹೇಳಲೆಂದೇ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿದ್ದಾಳೆ. ನಿಮ್ಮ ಅಂಗಡಿ ಆ ರಸ್ತೆಯಲ್ಲಿದ್ದರೆ ಶಟರ್ ಎಳೆಯಬೇಡಿ. ಒಂದು ಕೊಡ ನೀರಿಡಿ, ಹೆಂಗಸರಿಗೆ ಶೌಚಾಲಯದ ಬಾಗಿಲು ತೆರೆಯಿರಿ. ದಿನವಿಡೀ ನೀರು ಕುಡಿಯದೆ ಕೂರುವವರ ಕಷ್ಟ ಅಲ್ಲಿ ಕೂತವರಿಗೇ ಗೊತ್ತು.

ಪತ್ರಿಕೆಯಲ್ಲಿ, ಟಿವಿಯಲ್ಲಿ ಕೆಲಸ ಮಾಡುವ ಗೆಳೆಯರೇ, ಗೆಳತಿಯರೇ, ಸುದ್ದಿಯ ಮೊದಲ ಸಾಲಿನಲ್ಲಿ ಬೇಡಿಕೆ ಬರಲಿ, ಸಂಚಾರ ವ್ಯತ್ಯಯ ಆಮೇಲೆ ಬರಲಿ. ಕ್ಯಾಮೆರಾ ಮೆಟ್ರೊ ಕಂಬದ ಎತ್ತರದಿಂದ ಇಳಿದು ಒಬ್ಬರ ಮುಖದ ಮುಂದೆ ನಿಲ್ಲಲಿ. ನ್ಯಾಯಾಂಗದಲ್ಲಿ, ಪೊಲೀಸ್ ಇಲಾಖೆಯಲ್ಲಿ ಇರುವವರೇ, ನಿಮ್ಮ ಮುಂದೆ ನಿಂತವರು ಹತ್ತು ಹತ್ತಾಗಿ ಎಣಿಸಿಕೊಂಡು, ಕಾನೂನು ಕೇಳಿ ತಿಳಿದುಕೊಂಡು ಬಂದವರಾಗಿರಬಹುದು. ಲಾಠಿಗೆ ಕೈ ಹೋಗುವ ಮೊದಲು ಅರ್ಜಿಗೆ ಕೈ ಚಾಚಿ. ಉದ್ಯಮ ನಡೆಸುವವರೇ, ಕೂಲಿಯ ಲೆಕ್ಕ ಹಾಕುವ ಮೇಜಿನ ಮುಂದೆ ಕೂತಾಗ ಅದನ್ನು ಮಾರುಕಟ್ಟೆ ಬರೆಸಿತು ಎಂದು ಹೇಳಿ ಪಾರಾಗಬೇಡಿ.

ಮತ್ತು ನಾವೆಲ್ಲ ಸೇರಿ ಮಾಡಬೇಕಾದ ಒಂದು ಕೆಲಸವಿದೆ. ಪ್ರತಿಭಟನೆಯನ್ನು ಹಳೆಯ ಜೈಲಿನ ಆವರಣಕ್ಕೆ ಸೀಮಿತ ಮಾಡಿದ ಆದೇಶವನ್ನು ಬದಲಿಸಿ, ನಿಯಮವಿರಲಿ, ಹೊತ್ತು ಗೊತ್ತಿರಲಿ, ಆದರೆ ದುಡಿಯುವವರು ನಗರದ ಬೀದಿಯಲ್ಲಿ ನಡೆದು ಬರಲಿ ಎಂದು ಕೇಳಬೇಕು. ನಿಮ್ಮ ಶಾಸಕರಿಗೆ ಬರೆಯಿರಿ. ಬಡಾವಣೆಯ ಸಂಘದಲ್ಲಿ ನಿರ್ಣಯ ಮಾಡಿ. ಓಟು ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಇದಕ್ಕೆ ಏನು ಮಾಡುತ್ತೀರಿ ಎಂದು ಕೇಳಿ, ಉತ್ತರ ಬರುವವರೆಗೆ ಬಿಡಬೇಡಿ. ಮುಂದಿನ ಸಲ ಆಶಾ ಕಾರ್ಯಕರ್ತೆಯರೋ ಪೌರಕಾರ್ಮಿಕರೋ ಗಾರ್ಮೆಂಟಿನವರೋ ಬರುವ ದಿನ ಪತ್ರಿಕೆಯಲ್ಲಿ ಪ್ರಕಟವಾದಾಗ, ಆ ದಿನ ಒಂದು ಗಂಟೆ ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿ.